ಸಿ ಮಾತ್ರ ಬರುವವರು ಜಾವಾ ತರಗತಿಗೆ ಹೇಗೆ ಸಿದ್ಧರಾಗಬೇಕು?

ನಿಮ್ಮ ಪ್ರಶ್ನೆ ಇದು: ಉಡುಪಿಯಲ್ಲಿ ಬಿಸಿಎ ಓದುತ್ತಿದ್ದೀರಿ, ಬರುವ ಸೆಮಿಸ್ಟರ್‌ನಲ್ಲಿ ಜಾವಾ ಮೂಲಕ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಇದೆ, ನಿಮಗೆ ಸಿ ಮಾತ್ರ ಗೊತ್ತು, ರಜೆಯಲ್ಲಿ ಏನು ಓದಿಕೊಳ್ಳಬೇಕು?

ಮಂಗಳೂರಿನ ಕಾಲೇಜೊಂದರಲ್ಲಿ ನಾನು ಕಲಿಸುವುದು ಇದೇ ವಿಷಯ. ಓದಬೇಡಿ, ಬರೆಯಿರಿ. ಎನ್‌ಕ್ಯಾಪ್ಸುಲೇಶನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂದು ಮೊದಲ ವಾರವೇ ವ್ಯಾಖ್ಯಾನ ಬಾಯಿಪಾಠ ಮಾಡಿದ ಮಕ್ಕಳು ಕೊನೆಯ ವಾರದ ಲ್ಯಾಬ್‌ನಲ್ಲಿ ಐವತ್ತು ಸಾಲು ಬರೆಯಲು ತಡಕಾಡುವುದನ್ನು ಪ್ರತಿ ವರ್ಷ ನೋಡುತ್ತೇನೆ. ನೋಡಿ ಸಂಕಟವಾಗುತ್ತದೆ, ಏಕೆಂದರೆ ತಪ್ಪು ಅವರದ್ದಲ್ಲ. ಉತ್ತರವನ್ನು ಮೊದಲು ಕೊಟ್ಟು, ಅದು ಯಾವ ತೊಂದರೆಗೆ ಉತ್ತರ ಎಂಬುದನ್ನು ನಾವು ತೋರಿಸಿರುವುದಿಲ್ಲ.

ಆ ತೊಂದರೆಯನ್ನು ಸಿ ಭಾಷೆಯಲ್ಲೇ ಒಮ್ಮೆ ಅನುಭವಿಸಿ. ಉಡುಪಿಯಿಂದ ಮಂಗಳೂರಿಗೆ ಬರುವಾಗ ಪಡುಬಿದ್ರಿ ದಾಟಿದ ಮೇಲೆ ಹೆಜಮಾಡಿ ಟೋಲ್ ಸಿಗುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ವಾಹನಕ್ಕೆ ಒಂದು ಸ್ಟ್ರಕ್ಚರ್ ಮಾಡಿ: ನಂಬರ್, ಬಗೆ, ಆಕ್ಸಲ್‌ಗಳ ಸಂಖ್ಯೆ. ಬಗೆ 1 ಎಂದರೆ ಕಾರು, 2 ಬಸ್ಸು, 3 ಲಾರಿ. ಶುಲ್ಕ ಲೆಕ್ಕ ಹಾಕುವ ಫಂಕ್ಷನ್‌ನಲ್ಲಿ ಒಂದು ಸ್ವಿಚ್ ಬರುತ್ತದೆ, ರಶೀದಿ ಮುದ್ರಿಸುವಲ್ಲಿ ಇನ್ನೊಂದು, ದಿನದ ಲೆಕ್ಕ ಒಪ್ಪಿಸುವಲ್ಲಿ ಮತ್ತೊಂದು. ಈಗ ಬಂದರಿಗೆ ಹೋಗುವ ಉದ್ದದ ಟ್ರೇಲರ್ ಒಂದನ್ನು ಸೇರಿಸಿ ನೋಡಿ. ಮೂರು ಕಡೆಯೂ ತಿದ್ದಬೇಕು. ಒಂದು ಕಡೆ ಮರೆತರೂ ಪ್ರೋಗ್ರಾಂ ಕಂಪೈಲ್ ಆಗುತ್ತದೆ, ಮರೆತದ್ದು ಶುಲ್ಕದ ಸ್ವಿಚ್‌ನಲ್ಲಾದರೆ ಟ್ರೇಲರ್ ಸೊನ್ನೆ ರೂಪಾಯಿಗೆ ದಾಟಿ ಹೋಗಬಹುದು.

ಇದನ್ನೇ ಜಾವಾದಲ್ಲಿ ಬರೆಯಿರಿ. ವಾಹನ ಎಂಬ ಕ್ಲಾಸ್ (ಮಾಹಿತಿಯ ಜೊತೆ ಫಂಕ್ಷನ್‌ಗಳನ್ನೂ ಹೊತ್ತ ಸ್ಟ್ರಕ್ಚರ್ ಎಂದುಕೊಳ್ಳಿ), ಅದರಲ್ಲಿ ಶುಲ್ಕ ಎಂಬ ಮೆಥಡ್, ಅಂದರೆ ಕ್ಲಾಸ್‌ನೊಳಗಿನ ಫಂಕ್ಷನ್. ಕಾರು, ಬಸ್ಸು, ಲಾರಿ ಅದರ ಸಬ್‌ಕ್ಲಾಸ್‌ಗಳು, ಅಂದರೆ ವಾಹನದ ಗುಣಗಳನ್ನು ಪಡೆದುಕೊಂಡು ಬರುವ ಕ್ಲಾಸ್‌ಗಳು (ಹೀಗೆ ಪಡೆಯುವುದೇ ಇನ್‌ಹೆರಿಟೆನ್ಸ್), ಒಂದೊಂದೂ ತನ್ನ ಶುಲ್ಕವನ್ನು ತಾನೇ ಹೇಳುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಎನ್ನುತ್ತೇವೆ. ಇಲ್ಲಿ ಅವನಿಗೆ ವಾಹನ ಯಾವ ಬಗೆಯದು ಎಂಬುದೂ ಬೇಕಿಲ್ಲ. ಸಾಲಿನಲ್ಲಿ ಮುಂದಿರುವ ವಾಹನಕ್ಕೆ ‘ನಿನ್ನ ಶುಲ್ಕ ಎಷ್ಟು?’ ಎಂದು ಕೇಳಿದರೆ ಅವನ ಕೆಲಸ ಮುಗಿಯಿತು. ಟ್ರೇಲರ್ ಬಂದರೆ ಹೊಸ ಕ್ಲಾಸ್ ಒಂದು ಹುಟ್ಟುತ್ತದೆ, ಸುಂಕದವನ ಲೂಪ್‌ನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ವಾಹನ ಕ್ಲಾಸನ್ನೂ ಅದರ ಶುಲ್ಕ ಮೆಥಡನ್ನೂ ಅಬ್‌ಸ್ಟ್ರಾಕ್ಟ್ (ಹೆಸರು ಮಾತ್ರ ಇಲ್ಲಿ, ಒಳಗಿನದ್ದನ್ನು ಸಬ್‌ಕ್ಲಾಸ್ ಬರೆಯಬೇಕು) ಎಂದು ಘೋಷಿಸಿದ್ದರೆ, ಟ್ರೇಲರ್‌ನಲ್ಲಿ ಅದನ್ನು ಬರೆಯಲು ಮರೆತಾಗ ಕಂಪೈಲರ್ ನಿಮ್ಮನ್ನು ಅಲ್ಲೇ ತಡೆಯುತ್ತದೆ. ಪಾಲಿಮಾರ್ಫಿಸಂ ಎಂಬ ಹೆಸರನ್ನು ಇಷ್ಟಾದ ಮೇಲೆ ಕಲಿಯಿರಿ, ಮರೆಯುವುದಿಲ್ಲ.

ಟೋಲ್ ಗೇಟಿನ ಉದಾಹರಣೆಗೆ ಒಂದು ಇತಿಹಾಸವಿದೆ. ನಾರ್ವೆಯ ಓಸ್ಲೋದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ‘ಸಿಮುಲಾ 67’ ಭಾಷೆಯನ್ನು ರೂಪಿಸುವಾಗ ಅವರ ಮುಂದಿದ್ದದ್ದು ಇಂಥದೇ ಚಿತ್ರ: ಸುಂಕದ ಸೇತುವೆ, ಅಲ್ಲಿ ಒಂದೇ ಸಾಲಿನಲ್ಲಿ ನಿಂತ ಲಾರಿ ಮತ್ತು ಬಸ್ಸುಗಳು. ಬೇರೆ ಬೇರೆ ಬಗೆಯವು ಒಂದೇ ಸಾಲಿನಲ್ಲಿ ಹೇಗೆ ನಿಲ್ಲಬೇಕು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೇ ಸಬ್‌ಕ್ಲಾಸ್. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ 2001ನೇ ಸಾಲಿಗೆ ಅವರಿಬ್ಬರಿಗೆ ಬಂತು. ಅದೇ ಸಬ್‌ಕ್ಲಾಸ್ ಕಲ್ಪನೆಯನ್ನು ಬಳಸುವ ಜಾವಾ ಹೊರಬಂದದ್ದು ಬಹಳ ನಂತರ, 1995ರಲ್ಲಿ.

ಎನ್‌ಕ್ಯಾಪ್ಸುಲೇಶನ್‌ಗೆ, ಅಂದರೆ ಒಳಗಿನ ಮಾಹಿತಿಯನ್ನು ಹೊರಗಿನವರು ನೇರವಾಗಿ ಮುಟ್ಟದಂತೆ ಕಾಯುವುದಕ್ಕೆ, ಉದಾಹರಣೆಯಾಗಿ ಫಾಸ್ಟ್ಯಾಗ್ ಸಾಕು. ಖಾತೆಯಲ್ಲಿ ಉಳಿದಿರುವ ಹಣವನ್ನು ಪ್ರೈವೇಟ್ ಮಾಡಿ, ಕಡಿತ ಎಂಬ ಮೆಥಡ್ ಮಾತ್ರ ಹೊರಗೆ ಕಾಣಲಿ. ಹಣ ಸಾಲದಿದ್ದರೆ ‘ಆಗದು’ ಎನ್ನುವ ಹಕ್ಕು ಫಾಸ್ಟ್ಯಾಗ್‌ನದು, ಗೇಟಿನದ್ದಲ್ಲ.

ಒಂದು ಕಡೆ ಮಾತ್ರ ಬಹಳ ಎಚ್ಚರ ಬೇಕು. ಟೋಲ್ ಹತ್ತಿರದ ಊರಿನವರ ಸ್ವಂತ ಕಾರುಗಳಿಗೆ ತಿಂಗಳ ಪಾಸ್ ಇರುತ್ತದೆ. ಇನ್‌ಹೆರಿಟೆನ್ಸ್ ಹೊಸದಾಗಿ ಕಲಿತ ಉತ್ಸಾಹದಲ್ಲಿ ‘ಪಾಸ್ ಇರುವ ಕಾರು’ ಎಂಬ ಸಬ್‌ಕ್ಲಾಸ್ ಮಾಡಲು ಕೈ ತುರಿಸುತ್ತದೆ. ಮಾಡಬೇಡಿ. ಮೂವತ್ತೊಂದನೇ ತಾರೀಕಿಗೆ ಪಾಸ್ ಮುಗಿಯುತ್ತದೆ, ಕಾರು ಅದೇ ಕಾರು. ಜಾವಾದಲ್ಲಿ ಒಮ್ಮೆ ಹುಟ್ಟಿದ ಆಬ್ಜೆಕ್ಟ್ (ಕ್ಲಾಸ್‌ನಿಂದ ತಯಾರಾದ ಒಂದೊಂದು ಕಾರು, ಒಂದೊಂದು ಲಾರಿ) ತನ್ನ ಕ್ಲಾಸನ್ನು ಬದಲಾಯಿಸಲಾರದು. ಪಾಸ್ ಅನ್ನು ಪ್ರತ್ಯೇಕ ಆಬ್ಜೆಕ್ಟ್ ಮಾಡಿ ಕಾರಿನೊಳಗೆ ಒಂದು ಫೀಲ್ಡ್ ಆಗಿ ಇಡಿ, ಅವಧಿ ಮುಗಿದಾಗ ತೆಗೆದುಬಿಡಿ.