‘ಚೀನೀಯರ ಪಿತೃಪಕ್ಷ’ ಲೇಖನದ ಬಗ್ಗೆ

ನಮಸ್ಕಾರ.

ಚೀನೀಯರು ಹಿರಿಯರ ಸಮಾಧಿಗೆ ಹೋಗಿ ಎಡೆಯಿಡುವ ಚಿಂಗ್‌ಮಿಂಗ್ ಹಬ್ಬದ ಬಗ್ಗೆ ನೀವು ಕಳಿಸಿದ ‘ಚೀನೀಯರ ಪಿತೃಪಕ್ಷ’ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇನೆ. ವಿಷಯ ಅಷ್ಟು ಒಳ್ಳೆಯದಿದೆ.

ಮೊದಲು ಶೀರ್ಷಿಕೆ ಬದಲಿಸಿ. ಪಿತೃಪಕ್ಷ ಎಂದ ಕೂಡಲೇ ನಮ್ಮ ಓದುಗರು ಭಾದ್ರಪದದ ತಿಥಿ ಎಣಿಸುತ್ತಾರೆ. ನೀವೂ ಅದೇ ಗುಂಗಿನಲ್ಲಿ ಇದನ್ನು ಚಾಂದ್ರಮಾನದ ಹಬ್ಬ ಎಂದುಬಿಟ್ಟಿದ್ದೀರಿ. ನಮ್ಮ ಸಂಕ್ರಾಂತಿಯಂತೆ ಇದು ಸೂರ್ಯನ ಲೆಕ್ಕದ್ದು. ವಸಂತ ವಿಷುವ ಕಳೆದು 15 ದಿನಕ್ಕೆ, ಸಾಮಾನ್ಯವಾಗಿ ಏಪ್ರಿಲ್ 4 ಅಥವಾ 5ಕ್ಕೆ ಬರುತ್ತದೆ. ಹಸಿದ ಪ್ರೇತಗಳಿಗೆ ಎಡೆಯಿಡುವ ನಿಮ್ಮ ಮೂರನೇ ಪ್ಯಾರಾ ಏಳನೇ ಚಾಂದ್ರಮಾಸದ ಹುಣ್ಣಿಮೆಯ ಬೇರೆಯೇ ಹಬ್ಬದ್ದು. ಪೂರ್ತಿ ತೆಗೆಯಿರಿ.

ದೊಡ್ಡ ಕೊರತೆ ಬೇರೆಯೇ ಇದೆ. ನಾಲ್ಕು ಪುಟದ ತುಂಬ ‘ಭಕ್ತಿ’, ‘ಗೌರವ’ ಎಂಬ ಮಾತುಗಳಿವೆ, ಮೈಮುರಿದು ಮಾಡುವ ಕೆಲಸ ಎಲ್ಲೂ ಕಾಣುವುದಿಲ್ಲ. ಈ ಹಬ್ಬದ ಮುಖ್ಯ ಕೆಲಸಕ್ಕೆ ಚೀನೀಯರು ಹೇಳುವುದೇ ‘ಸಮಾಧಿ ಗುಡಿಸುವುದು’ ಎಂದು. ವರ್ಷವಿಡೀ ಬೆಳೆದ ಕಳೆಯನ್ನು ಕತ್ತಿಯಲ್ಲಿ ಸವರಿ, ಸಂದಿಗಿಳಿದ ಬೇರು ಕಿತ್ತು, ಮಳೆಗೆ ಕುಸಿದ ಮಣ್ಣು ಏರಿಸಿ, ಕಲ್ಲು ತೊಳೆಯುತ್ತಾರೆ. ಮಾಸಿದ ಅಕ್ಷರಗಳಿಗೆ ಸಣ್ಣ ಕುಂಚದಲ್ಲಿ ಬಣ್ಣ ತುಂಬುತ್ತಾರೆ. ಕಲ್ಲು ಒದ್ದೆಯಿದ್ದರೆ ಬಣ್ಣ ಹರಡುತ್ತದೆ, ಒಣಗುವ ತನಕ ಕಾಯಬೇಕು. ಇದನ್ನು ಬರೆಯಿರಿ. ದಕ್ಷಿಣ ಚೀನಾದಲ್ಲೂ ತೈವಾನಿನಲ್ಲೂ ಸಮಾಧಿಯ ಮೇಲೆ ಕಾಗದದ ಹಾಳೆಗಳನ್ನಿಟ್ಟು ಹಾರದಂತೆ ಕಲ್ಲು ಹೇರುತ್ತಾರಲ್ಲ, ನೀವು ಅದನ್ನು ಅಲಂಕಾರ ಎಂದಿದ್ದೀರಿ. ಮನೆಯವರು ಈ ವರ್ಷ ಬಂದು ಹೋಗಿದ್ದಾರೆ ಎಂಬ ಗುರುತು ಅದು.

ಕ್ರಮವೂ ತಲೆಕೆಳಗಾಗಿದೆ. ದಕ್ಷಿಣ ಚೀನಾ, ತೈವಾನ್ ಕಡೆಯ ಪದ್ಧತಿಯಲ್ಲಿ ಮೊದಲು ಸಮಾಧಿಯ ಪಕ್ಕದಲ್ಲಿರುವ ನೆಲದ ದೇವರಿಗೆ ಸಲ್ಲಿಸಿ, ಆಮೇಲೆ ಹಿರಿಯರಿಗೆ ಎಡೆ: ಇಡಿಯಾಗಿ ಬೇಯಿಸಿದ ಕೋಳಿ, ಹಂದಿಮಾಂಸ, ಮೀನು, ಹಣ್ಣು, ಪುಟ್ಟ ಬಟ್ಟಲುಗಳಲ್ಲಿ ಮದ್ಯ. ಊದುಬತ್ತಿ ಹಚ್ಚಿ ನಮಸ್ಕರಿಸಿ, ಹಿರಿಯರು ಉಣ್ಣುವಷ್ಟು ಹೊತ್ತು ಬಿಟ್ಟು, ಅವರಿಗೆ ಸಲ್ಲಲೆಂದು ಕಾಗದದ ನಕಲಿ ಹಣ ಸುಡುತ್ತಾರೆ. ನೀವು ಬಂದ ಕೂಡಲೇ ಸುಡಿಸಿದ್ದೀರಿ. ಎಡೆಯನ್ನು ಕೊನೆಗೆ ಮನೆಯವರೇ ಉಣ್ಣುತ್ತಾರೆ. ಹಲವು ನಗರಗಳಲ್ಲಿ ಸುಡುವುದಕ್ಕೆ ನಿರ್ಬಂಧ ಬಂದು ಸೇವಂತಿಗೆ ಒಯ್ಯುವವರು ಹೆಚ್ಚಿದ್ದಾರೆ. ಅದಕ್ಕೆ ಒಂದು ಸಾಲು ಸಾಕು.

‘ಹಸಿರು ಕಡುಬು’ ಎಂದು ಎರಡೇ ಪದದಲ್ಲಿ ಮುಗಿಸಿದ ಚಿಂಗ್‌ತ್ವಾನ್‌ಗೆ ಒಂದು ಪ್ಯಾರಾ ಕೊಡಿ. ಶಾಂಘೈ, ಸುಜೌ ಕಡೆಯ ತಿನಿಸು. ನಮ್ಮ ಮಾಚಿಪತ್ರೆಯ ಜಾತಿಯ ಎಳೆ ಸೊಪ್ಪನ್ನು ಚಿಟಿಕೆ ಅಡುಗೆ ಸೋಡಾ ಹಾಕಿದ ಕುದಿನೀರಿನಲ್ಲಿ ಅದ್ದಿ, ತಣ್ಣೀರಿಗೆ ಹಾಕಿ, ರುಬ್ಬಿ, ಅಂಟಕ್ಕಿ ಹಿಟ್ಟಿಗೆ ಕಲಸುತ್ತಾರೆ. ಸೋಡಾದಿಂದ ಹಸಿರು ಉಳಿಯುತ್ತದೆ. ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಹಬೆಯಲ್ಲಿ 10–15 ನಿಮಿಷ. ಹೆಚ್ಚಾದರೆ ಉಂಡೆ ಕುಸಿಯುತ್ತದೆ, ಬಣ್ಣ ಮಾಸುತ್ತದೆ. ಇದನ್ನು ತಣ್ಣಗೇ ತಿನ್ನಬಹುದು, ಚಿಂಗ್‌ಮಿಂಗ್‌ಗೆ ಮುಂಚೆ ಬರುವ, ಒಲೆ ಹಚ್ಚದ ಹಾನ್‌ಷಿ ದಿನದ ನಂಟು ಇಲ್ಲಿದೆ. ಆ ದಿನ ಒಲೆ ಹಚ್ಚದಿರುವುದು ಯಾರ ನೆನಪಿಗೆ ಎನ್ನುತ್ತಾರೋ, ದೊರೆ ಹಚ್ಚಿಸಿದ ಕಾಡಿನ ಬೆಂಕಿಯಲ್ಲಿ ಸತ್ತ ಆ ಜಿಯೆ ಜಿತ್ವೆಯ ಕತೆಯನ್ನು ನೀವು ಆರಂಭದಲ್ಲೇ ಒಂದೂವರೆ ಪುಟ ಹೇಳಿದ್ದೀರಿ. ಅದನ್ನು ಐದು ಸಾಲಿಗಿಳಿಸಿ, ಈ ಉಂಡೆಯ ಪಕ್ಕಕ್ಕೆ ತನ್ನಿ.

ಇಂತಿ,
ಸಂಪಾದಕ