20 ಅಂಕದಿಂದ ಸೋಲಬೇಕಿದ್ದ ಮಿಷಿಗನ್ ಓಹಿಯೋ ಸ್ಟೇಟ್ ಅನ್ನು ಸೋಲಿಸಿದ್ದು ಹೇಗೆ?

ನಿಮ್ಮ ಪ್ರಶ್ನೆ ಇದು: ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ತಮಗಿಂತ ತುಂಬಾ ಬಲವಾದ ಹಳೇ ಎದುರಾಳಿಯ ವಿರುದ್ಧ ತಂಡಗಳು ಹೇಗೆ ತಂತ್ರ ಹೆಣೆಯುತ್ತವೆ? 2024ರಲ್ಲಿ ಮಿಷಿಗನ್ ಓಹಿಯೋ ಸ್ಟೇಟ್ ವಿರುದ್ಧ ಗೆದ್ದದ್ದು ತಂತ್ರದಿಂದಲಾ, ಅದೃಷ್ಟದಿಂದಲಾ?

ಎರಡೂ ಇತ್ತು. ಆದರೆ ಅದೃಷ್ಟ ಕೈಹಿಡಿಯಬೇಕು ಅಂದರೆ ಕೊನೇ ಐದು ನಿಮಿಷದ ತನಕ ಪಂದ್ಯ ಸರಿಸಮವಾಗಿ ಇರಬೇಕು. ಅಲ್ಲಿಯವರೆಗೆ ಪಂದ್ಯವನ್ನು ಕೈಬಿಡದೆ ಎಳೆದು ತರುವುದೇ ದುರ್ಬಲ ತಂಡದ ತಂತ್ರ. ನಾನು ಡೆಟ್ರಾಯ್ಟ್ ಕಡೆ ಇರುವವನು, ಮಿಷಿಗನ್ ಅಭಿಮಾನಿ. ಹಾಗಾಗಿ ನನಗೆ ಗೊತ್ತಿರುವ ಈ ಒಂದೇ ಪೈಪೋಟಿಯನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಈ ಎರಡು ವಿಶ್ವವಿದ್ಯಾಲಯಗಳ ತಂಡಗಳು ಮೊದಲ ಸಲ ಆಡಿದ್ದು 1897ರಲ್ಲಿ. ಈಗ ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಶನಿವಾರ ಆಡುತ್ತವೆ. ಒಂದು ವರ್ಷ ಮಿಷಿಗನ್‌ನ ಊರು ಆನ್ ಆರ್ಬರ್‌ನಲ್ಲಿ, ಇನ್ನೊಂದು ವರ್ಷ ಓಹಿಯೋ ಸ್ಟೇಟ್‌ನ ಊರು ಕೊಲಂಬಸ್‌ನಲ್ಲಿ. ಎರಡೂ ಕಡೆ ಸ್ಟೇಡಿಯಂನಲ್ಲಿ ಲಕ್ಷಕ್ಕಿಂತ ಜಾಸ್ತಿ ಜನ. 2004ರಿಂದ 2019ರವರೆಗೆ ಆಡಿದ 16 ಪಂದ್ಯಗಳಲ್ಲಿ ಮಿಷಿಗನ್ ಗೆದ್ದದ್ದು ಒಂದೇ ಒಂದು, 2011ರಲ್ಲಿ. ಇಲ್ಲಿ ಇದ್ದವರಿಗೆ ಗೊತ್ತು, ನವೆಂಬರ್ ಬಂತು ಅಂದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತಿತ್ತು.

ಆ ಸೋಲುಗಳಲ್ಲಿ ತಂತ್ರದ ಪಾಠ ಜಾಸ್ತಿ ಇರುವುದು 2018ರದ್ದರಲ್ಲಿ. ಆ ವರ್ಷ ಮಿಷಿಗನ್ ಕೊಲಂಬಸ್‌ಗೆ ಹೋದಾಗ ಗೆಲ್ಲುವ ನೆಚ್ಚಿನ ತಂಡ ಅದೇ. ಎದುರಾಳಿಗೆ ಅತಿ ಕಡಿಮೆ ಗಜ ಬಿಟ್ಟುಕೊಟ್ಟ ಡಿಫೆನ್ಸ್ (ತಡೆಯುವ ಪಡೆ) ಅಂತ ದೇಶದಲ್ಲೇ ಹೆಸರು. ಡಿಫೆನ್ಸ್ ಕೋಚ್ ಡಾನ್ ಬ್ರೌನ್ ಅವರ ಪದ್ಧತಿ ಸರಳ. ಪಾಸ್ ಹಿಡಿಯುವ ಪ್ರತಿ ರಿಸೀವರ್‌ಗೆ ಒಬ್ಬ ಡಿಫೆಂಡರ್ ಅಂಟಿಕೊಂಡು ಓಡಬೇಕು, ಉಳಿದವರು ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಬೇಕು. ವರ್ಷವಿಡೀ ಇದು ಕೆಲಸ ಮಾಡಿತ್ತು. ಓಹಿಯೋ ಸ್ಟೇಟ್ ಏನು ಮಾಡಿತು ಗೊತ್ತಾ? ಇಬ್ಬರು ರಿಸೀವರ್‌ಗಳನ್ನು ಎರಡು ಬದಿಯಿಂದ ಮೈದಾನದ ಅಡ್ಡಕ್ಕೆ, ಒಬ್ಬರನ್ನೊಬ್ಬರು ಉಜ್ಜಿಕೊಂಡು ಹೋಗುವಷ್ಟು ಹತ್ತಿರದಲ್ಲಿ ಓಡಿಸಿತು. ಹಿಂದೆ ಅಟ್ಟಿಸಿಕೊಂಡು ಬರುವ ಡಿಫೆಂಡರ್ ಆ ಗುಂಪಿನಲ್ಲಿ ಸಿಕ್ಕಿಬಿದ್ದು ಎರಡು ಹೆಜ್ಜೆ ಹಿಂದೆ ಬೀಳುತ್ತಿದ್ದ. ಓಹಿಯೋ ಸ್ಟೇಟ್ ಹುಡುಗರ ವೇಗಕ್ಕೆ ಎರಡು ಹೆಜ್ಜೆ ಬಿಟ್ಟರೆ ಮುಗೀತು. ಕ್ವಾರ್ಟರ್‌ಬ್ಯಾಕ್ ಡ್ವೇನ್ ಹ್ಯಾಸ್ಕಿನ್ಸ್ 6 ಟಚ್‌ಡೌನ್ ಪಾಸ್ ಎಸೆದ (ಟಚ್‌ಡೌನ್ ಅಂದರೆ ಚೆಂಡನ್ನು ಎದುರಾಳಿಯ ಗೋಲ್ ಲೈನ್ ದಾಟಿಸಿ ಅಂಕ ಗಳಿಸುವುದು). ಸ್ಕೋರ್ 62-39. ಮುಂದಿನ ವರ್ಷ ಮನೆ ಅಂಗಳದಲ್ಲೇ 56-27.

ತಮಗಿಂತ ವೇಗದ ಆಟಗಾರರ ಎದುರು ಒಬ್ಬರಿಗೆ ಒಬ್ಬರು ಅಂತ ನಿಂತರೆ, ಪ್ರತಿ ಆಟದಲ್ಲೂ ನೀವು ಹಿಂದೆ ಬಿದ್ದ ಜಾಗದಲ್ಲೇ ಪಂದ್ಯ ನಡೆಯುತ್ತದೆ. ಬೇರೆಯವರ ಎದುರು ಗೆಲ್ಲಿಸಿಕೊಟ್ಟ ಪದ್ಧತಿ ಅಂತ ಇದೇ ತಂಡದ ಎದುರೂ ಅದನ್ನೇ ಹಿಡಿದುಕೊಂಡು ಹೋಗುವುದು ದೊಡ್ಡ ಅಪಾಯ ಅಂತ ನನ್ನ ಅಭಿಪ್ರಾಯ. ಅಂಥ ಎದುರಾಳಿಯನ್ನು ಸೋಲಿಸಬೇಕಾದರೆ ಇಡೀ ತಂಡವನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಬೇಕು. ಪಂದ್ಯದ ವಾರದಲ್ಲಿ ವಿಡಿಯೋ ನೋಡಿದರೆ ಸಾಲದು.

2021ರಲ್ಲಿ ಮಿಷಿಗನ್‌ನ ಮುಖ್ಯ ಕೋಚ್ ಜಿಮ್ ಹಾರ್ಬಾ ಇದನ್ನೇ ಮಾಡಿದರು. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದಿಂದ ಮೈಕ್ ಮ್ಯಾಕ್‌ಡೊನಾಲ್ಡ್ ಅವರನ್ನು ಡಿಫೆನ್ಸ್ ಕೋಚ್ ಆಗಿ ಕರೆತಂದರು. ಅವರ ಪದ್ಧತಿಯಲ್ಲಿ ಡಿಫೆನ್ಸ್‌ನ ಹಿಂಬದಿ ಕಾಯುವ ಇಬ್ಬರು ಸೇಫ್ಟಿಗಳು ಹಿಂದೆ ದೂರದಲ್ಲಿ ನಿಲ್ಲುತ್ತಾರೆ. ಚೆಂಡು ಸ್ನ್ಯಾಪ್ ಆದ ಮೇಲೆ, ಅಂದರೆ ಆಟ ಶುರು ಮಾಡಲು ಚೆಂಡನ್ನು ಹಿಂದಕ್ಕೆ ಕೊಟ್ಟ ಮೇಲೆ, ಅವರಲ್ಲಿ ಯಾರು ಎಲ್ಲಿಗೆ ಹೋಗುತ್ತಾರೆ ಅನ್ನುವುದು ಕ್ವಾರ್ಟರ್‌ಬ್ಯಾಕ್‌ಗೆ ಮೊದಲೇ ತಿಳಿಯುವುದಿಲ್ಲ. ಅವನು ಅರ್ಧ ಸೆಕೆಂಡ್ ಯೋಚಿಸುವಂತೆ ಮಾಡಬೇಕು, ಆ ಅರ್ಧ ಸೆಕೆಂಡಿನಲ್ಲಿ ಮುಂದಿನ ಸಾಲಿನವರು ಅವನನ್ನು ಹಿಡಿಯಬೇಕು. ಆ ದಿನ ಓಹಿಯೋ ಸ್ಟೇಟ್‌ನ ಸಿ.ಜೆ. ಸ್ಟ್ರೌಡ್ 394 ಗಜ ಪಾಸ್ ಮಾಡಿದ. ಸಂಖ್ಯೆ ನೋಡಿದರೆ ಮಿಷಿಗನ್ ಸೋತಿರಬೇಕು ಅನಿಸುತ್ತದೆ, ಅಲ್ವಾ? ಆದರೆ ಓಹಿಯೋ ಸ್ಟೇಟ್‌ಗೆ ಸಿಕ್ಕಿದ್ದು 27 ಅಂಕ ಮಾತ್ರ. ಗಜ ಕೊಟ್ಟರು, ಅಂಕ ಕೊಡಲಿಲ್ಲ. ಏಡನ್ ಹಚಿನ್ಸನ್ ಒಬ್ಬನೇ ಮೂರು ಸಲ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ.

ಇನ್ನೊಂದು ಕಡೆ ಮಿಷಿಗನ್ ಆಫೆನ್ಸ್ (ದಾಳಿ ಮಾಡುವ ಪಡೆ) ಸುಮ್ನೆ ಚೆಂಡು ಹಿಡಿದು ಓಡಿತು. ಒಟ್ಟು 297 ಗಜ ಓಟ. ಮಿಷಿಗನ್‌ನ ಓಟಗಾರ ಹಸನ್ ಹ್ಯಾಸ್ಕಿನ್ಸ್ 5 ಟಚ್‌ಡೌನ್. 42-27. ಆ ವರ್ಷ ಅಭ್ಯಾಸದಲ್ಲಿ ಓಹಿಯೋವನ್ನು ಸೋಲಿಸಲಿಕ್ಕೆ ಅಂತಲೇ ಹೆಸರಿಟ್ಟ ಒಂದು ರನ್ ಡ್ರಿಲ್ ಮಾಡಿಸುತ್ತಿದ್ದರು. ಎಲ್ಲರಿಗೂ ಗೊತ್ತಿದ್ದೂ ತಡೆಯಲಾಗದಂಥ ಓಟ ಆ ಡ್ರಿಲ್‌ನಲ್ಲೇ ತಯಾರಾದದ್ದು.

ಓಟಕ್ಕೆ ಯಾಕೆ ಇಷ್ಟು ಮಹತ್ವ? ಇದರ ಹಿಂದಿನ ಲೆಕ್ಕ ಅರ್ಥವಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಪಂದ್ಯ 60 ನಿಮಿಷದ್ದು. ಚೆಂಡು ಒಂದು ತಂಡದ ಕೈಗೆ ಬಂದು ಹೋಗುವವರೆಗಿನ ಸರದಿಗೆ ಡ್ರೈವ್ ಅನ್ನುತ್ತಾರೆ. ಪಾಸ್ ಕೆಳಗೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಚೆಂಡು ಹಿಡಿದು ಓಡಿದವನು ಮೈದಾನದ ಒಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ಮುಂದಿನ ಆಟ ಶುರು ಮಾಡಲು 40 ಸೆಕೆಂಡ್ ಇರುತ್ತದೆ, ಅದನ್ನೂ ಪೂರ್ತಿ ಬಳಸಬಹುದು. 2023ರಿಂದ ಇನ್ನೊಂದು ಬದಲಾವಣೆ ಬಂತು. ಮೊದಲು ಪ್ರತಿ ಫಸ್ಟ್ ಡೌನ್ ಆದಾಗ (10 ಗಜ ಮುಂದೆ ಹೋಗಿ ಹೊಸದಾಗಿ ನಾಲ್ಕು ಅವಕಾಶ, ಅಂದರೆ ಡೌನ್, ಸಿಕ್ಕಾಗ) ಗಡಿಯಾರ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಈಗ ಪ್ರತಿ ಅರ್ಧದ ಕೊನೇ ಎರಡು ನಿಮಿಷ ಬಿಟ್ಟರೆ ನಿಲ್ಲುವುದಿಲ್ಲ. ಅಂದರೆ ನಿಧಾನವಾಗಿ ಆಡುವ ತಂಡಕ್ಕೆ ನಿಯಮವೇ ಸಹಾಯ ಮಾಡುತ್ತದೆ.

ಇಬ್ಬರಿಗೂ ಹನ್ನೆರಡು ಹದಿಮೂರು ಡ್ರೈವ್ ಸಿಕ್ಕಿದರೆ ಬಲವಾದ ತಂಡದ ಬಲ ಮೇಲೆ ಬಂದೇ ಬರುತ್ತದೆ. ಎಂಟು ಒಂಬತ್ತಕ್ಕೆ ಇಳಿಸಿದರೆ? 50 ಓವರ್ ಪಂದ್ಯ ಮಳೆ ಬಂದು 10 ಓವರ್‌ಗೆ ಇಳಿದಾಗ ಸಣ್ಣ ತಂಡಕ್ಕೆ ಜೀವ ಬರುತ್ತದಲ್ಲ, ಹಾಗೆ. ಇಲ್ಲಿ ಆ ಮಳೆಯನ್ನು ನೀವೇ ತರಿಸಬೇಕು. ಇದರ ದೊಡ್ಡ ಉದಾಹರಣೆ 2018ರ ಸೆಪ್ಟೆಂಬರ್‌ನಲ್ಲಿ ನಡೆದ ಆರ್ಮಿ–ಒಕ್ಲಹೋಮಾ ಪಂದ್ಯ. ಒಕ್ಲಹೋಮಾದಲ್ಲಿ ಕೈಲರ್ ಮರ್ರಿ ಥರದ ಕ್ವಾರ್ಟರ್‌ಬ್ಯಾಕ್. ಆರ್ಮಿ ಅಂದರೆ ಸೇನಾ ಅಕಾಡೆಮಿಯ ಹುಡುಗರು. ಆರ್ಮಿ 44 ನಿಮಿಷಕ್ಕೂ ಜಾಸ್ತಿ ಹೊತ್ತು ಚೆಂಡನ್ನು ತನ್ನ ಹತ್ತಿರವೇ ಇಟ್ಟುಕೊಂಡಿತು. ಓವರ್‌ಟೈಮ್‌ನಲ್ಲಿ 28-21ರಿಂದ ಸೋತಿತು ನಿಜ. ಆದರೆ ಅಲ್ಲಿಯವರೆಗೆ ಹೋಗಿತ್ತಲ್ಲ, ಅದನ್ನು ನೋಡಬೇಕು.

ಈಗ 2022. ಬಹಳ ಜನ ಮರೆಯುವ ವರ್ಷ ಇದು, ನನಗೆ ಅತಿ ಇಷ್ಟದ ವರ್ಷವೂ ಇದೇ. ಹಿಂದಿನ ವರ್ಷ ಓಟದಿಂದ ಸೋತ ಓಹಿಯೋ ಸ್ಟೇಟ್ ಈ ಸಲ ಓಟ ತಡೆಯಲಿಕ್ಕೇ ತಯಾರಾಗಿ ಬಂದಿತ್ತು. ಚೆಂಡಿನ ಹತ್ತಿರ ಜಾಸ್ತಿ ಜನರನ್ನು ನಿಲ್ಲಿಸಿತು. ಹಿಂದೆ ಕಡಿಮೆ ಜನ. ಮಿಷಿಗನ್‌ನ ಮುಖ್ಯ ಓಟಗಾರ ಬ್ಲೇಕ್ ಕೋರಮ್‌ಗೆ ಮೊಣಕಾಲಿನ ಪೆಟ್ಟು ಬೇರೆ. ಹಟ ಮಾಡಿ ಅದೇ ಓಟವನ್ನೇ ಓಡಿದ್ದರೆ ಸೋಲುತ್ತಿದ್ದರು. ಬದಲಿಗೆ ಕ್ವಾರ್ಟರ್‌ಬ್ಯಾಕ್ ಜೆ.ಜೆ. ಮೆಕಾರ್ಥಿ ಆ ಜನರ ತಲೆ ಮೇಲಿಂದ ಎಸೆದ. ಕಾರ್ನೇಲಿಯಸ್ ಜಾನ್ಸನ್‌ಗೆ 69 ಮತ್ತು 75 ಗಜದ ಟಚ್‌ಡೌನ್. ಕೊನೇ ಕ್ವಾರ್ಟರ್‌ನಲ್ಲಿ ಇನ್ನೊಬ್ಬ ಓಟಗಾರ ಡಾನವನ್ ಎಡ್ವರ್ಡ್ಸ್ ಮುಂದಿನ ಸಾಲು ದಾಟಿದ ಮೇಲೆ ಹಿಡಿಯಲು ಹಿಂದೆ ಯಾರೂ ಇರಲಿಲ್ಲ. 75 ಗಜದ್ದೊಂದು, 85 ಗಜದ್ದೊಂದು ಟಚ್‌ಡೌನ್. ಕೊಲಂಬಸ್‌ನಲ್ಲೇ 45-23. ಹಿಂದಿನ ವರ್ಷ ನೀವು ಹೇಗೆ ಗೆದ್ದಿರಿ ಅಂತ ಎದುರಾಳಿ ಇಡೀ ವರ್ಷ ಕೂತು ನೋಡಿರುತ್ತಾನೆ. ಅವನು ಯಾವುದಕ್ಕೆ ಹೆದರುತ್ತಿದ್ದಾನೆ ಅಂತ ತಿಳಿದರೆ, ಅವನು ಯಾವ ಬಾಗಿಲು ತೆರೆದಿಟ್ಟಿದ್ದಾನೆ ಅಂತಲೂ ತಿಳಿಯುತ್ತದೆ.

2023ರಲ್ಲೂ ಮಿಷಿಗನ್ ಗೆದ್ದಿತು, 30-24. ಅದರ ಬಗ್ಗೆ ಹೇಳುವಾಗ ಒಂದು ವಿಷಯ ಮುಚ್ಚಿಡಬಾರದು. ಎದುರಾಳಿ ಕೋಚ್‌ಗಳು ಮೈದಾನದ ಬದಿಯಿಂದ ಕೈಸನ್ನೆ, ಚಿತ್ರಫಲಕದಲ್ಲಿ ಆಟದ ಸೂಚನೆ ಕೊಡುತ್ತಾರೆ. ಟಿವಿಯಲ್ಲಿ ನೋಡಿ ಅದನ್ನು ಬಿಡಿಸಿದರೆ ತಪ್ಪಿಲ್ಲ. ಮುಂದೆ ಆಡಬೇಕಿರುವ ತಂಡದ ಪಂದ್ಯಕ್ಕೆ ಜನರನ್ನು ಕಳಿಸಿ ಚಿತ್ರೀಕರಿಸುವುದು ನಿಯಮಕ್ಕೆ ವಿರುದ್ಧ. ಮಿಷಿಗನ್ ಸಿಬ್ಬಂದಿಯೊಬ್ಬರು ಅದನ್ನು ಮಾಡಿಸಿದರು ಅನ್ನುವ ಪ್ರಕರಣ ಆ ಸೀಸನ್ ಮಧ್ಯೆ ಹೊರಬಂತು. ಹಾರ್ಬಾ ಅವರನ್ನು ನಿಯಮಿತ ಸೀಸನ್‌ನ ಕೊನೇ ಮೂರು ಪಂದ್ಯಗಳಿಗೆ ದೂರ ಇಟ್ಟರು. ಓಹಿಯೋ ಸ್ಟೇಟ್ ಎದುರು ತಂಡ ನಡೆಸಿದ್ದು ಶೆರಾನ್ ಮೂರ್. 2025ರಲ್ಲಿ ಕಾಲೇಜ್ ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಶಿಕ್ಷೆಯನ್ನೂ ಕೊಟ್ಟಿತು. ಅಭಿಮಾನಿಯಾಗಿ ನನಗೆ ಅದು ನೋವಿನ ವಿಷಯ. 2024ರಿಂದ ಕೋಚ್ ಒಬ್ಬ ಆಟಗಾರನ ಹೆಲ್ಮೆಟ್‌ಗೆ ರೇಡಿಯೋದಲ್ಲಿ ನೇರವಾಗಿ ಹೇಳಬಹುದು ಅಂತ ನಿಯಮ ಬಂದಿದೆ. ಇದು ಒಳ್ಳೆಯದೇ ಆಯಿತು.

ಹಾಗಾಗಿ ನೀವು ಕೇಳಿದ 2024ರ ಪಂದ್ಯ ನನಗೆ ಇನ್ನೂ ಮುಖ್ಯ. ಮಿಷಿಗನ್ ಆರು ಗೆದ್ದು ಐದು ಸೋತು ಬಂದಿತ್ತು. ಓಹಿಯೋ ಸ್ಟೇಟ್ ಎರಡನೇ ರ‍್ಯಾಂಕ್. ಬೆಟ್ಟಿಂಗ್‌ನವರು ಸುಮಾರು 20 ಅಂಕದ ಅಂತರ ಹೇಳಿದ್ದರು. ಮಿಷಿಗನ್‌ನ ಇಬ್ಬರು ದೊಡ್ಡ ಆಟಗಾರರು, ವಿಲ್ ಜಾನ್ಸನ್ ಮತ್ತು ಕೋಲ್ಸ್ಟನ್ ಲವ್‌ಲ್ಯಾಂಡ್, ಗಾಯದಿಂದ ಹೊರಗೆ. ಅತ್ತ ಕಡೆ ಜೆರೆಮಯಾ ಸ್ಮಿತ್, ಎಮೆಕಾ ಎಗ್ಬುಕಾ, ಕಾರ್ನೆಲ್ ಟೇಟ್ ಅನ್ನುವ ಮೂವರು ರಿಸೀವರ್‌ಗಳು. ಅವರನ್ನು ಒಬ್ಬರಿಗೆ ಒಬ್ಬರು ಅಂತ ತಡೆಯಲು ಸಾಧ್ಯವೇ ಇರಲಿಲ್ಲ.

ಮಿಷಿಗನ್ ಹತ್ತಿರ ಇದ್ದ ಬಲ ಒಂದೇ. ಡಿಫೆನ್ಸ್ ಸಾಲಿನ ನಡುವೆ ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್. ಮುಂದಿನ ವರ್ಷ ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದವರು ಇಬ್ಬರೂ. ಓಹಿಯೋ ಸ್ಟೇಟ್‌ನ ಮುಂದಿನ ಸಾಲಿನಲ್ಲಿ ಸೆಂಟರ್ ಮತ್ತು ಎಡ ಟ್ಯಾಕಲ್ ಇಬ್ಬರೂ ಗಾಯಗೊಂಡು ಹೊರಗಿದ್ದರು. ಈ ಇಬ್ಬರು ದೈತ್ಯರೇ ನಡುವಿನ ಓಟ ತಡೆದರೆ, ಸೇಫ್ಟಿಗಳನ್ನು ಸಹಾಯಕ್ಕೆ ಮುಂದೆ ತರಬೇಕಿಲ್ಲ. ಅವರು ಹಿಂದೆಯೇ ನಿಂತು ರಿಸೀವರ್‌ಗಳನ್ನು ಕಾಯಬಹುದು. ಹೊರಗಿನಿಂದ ನೋಡುವವರಿಗೆ 'ಇವರು ಓಟ ಬಿಟ್ಟುಕೊಟ್ಟಿದ್ದಾರೆ, ಓಡಿ' ಅಂತ ಕರೆದ ಹಾಗೆ ಕಾಣುತ್ತದೆ. ಓಹಿಯೋ ಸ್ಟೇಟ್ ಓಡಿತು, ಅದೂ ಗ್ರಹಾಂ, ಗ್ರಾಂಟ್ ನಿಂತಿದ್ದ ನಡುಭಾಗಕ್ಕೇ ಮತ್ತೆ ಮತ್ತೆ. 26 ಓಟ, 77 ಗಜ. ಮೂರು ವರ್ಷ ಮಿಷಿಗನ್ ಎದುರು ಮೆತ್ತಗಾದರು ಅನ್ನುವ ಮಾತು ಕೇಳಿ ಕೇಳಿ, ನಾವೂ ಗಟ್ಟಿ ಅಂತ ತೋರಿಸಲು ಹೊರಟರು ಅಂತ ನನಗೆ ಅನಿಸುತ್ತದೆ. ಪೈಪೋಟಿಯ ಪಂದ್ಯದಲ್ಲಿ ಎದುರಾಳಿಯ ಈ ಹಟವನ್ನೂ ತಂತ್ರದಲ್ಲಿ ಸೇರಿಸಿಕೊಳ್ಳಬೇಕು.

ಮಿಷಿಗನ್ ಆಫೆನ್ಸ್ ಹೇಳಿಕೊಳ್ಳುವ ಹಾಗೆ ಇರಲಿಲ್ಲ. ಇಡೀ ದಿನ ಪಾಸ್ ಗಜ 62. ಬರೀ 62! ಆದರೆ ಗಡಿಯಾರ ಓಡಿಸುತ್ತಾ ಹೋದರು. ಮಿಷಿಗನ್ ಡಿಫೆಂಡರ್ ಆಮಿರ್ ಹಾಲ್ ಎದುರಾಳಿಯ ಒಂದು ಪಾಸ್ ಕದ್ದು ಗೋಲ್ ಲೈನ್ ಹತ್ತಿರ ತಂದ, ಅಲ್ಲಿಂದ ಟಚ್‌ಡೌನ್. ಓಹಿಯೋ ಸ್ಟೇಟ್ ಒದ್ದ ಎರಡು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು 3 ಅಂಕ ಗಳಿಸುವುದು) ಗುರಿ ತಪ್ಪಿದವು, ಎರಡೂ 40 ಗಜದ ಒಳಗಿನವು. ನೀವು ಅದೃಷ್ಟ ಅಂತ ಕೇಳಿದ್ದು ಇದನ್ನೇ ಇರಬೇಕು. ಒಪ್ಪುತ್ತೇನೆ. ಆದರೆ ಸ್ಕೋರ್ ದೊಡ್ಡದಾಗಿದ್ದರೆ ಆ ಎರಡು ಒದೆತ ತಪ್ಪಿದ್ದು ಯಾರ ನೆನಪಿನಲ್ಲೂ ಇರುತ್ತಿರಲಿಲ್ಲ.

ಕೊನೇ ಕ್ವಾರ್ಟರ್, 10-10. ಮೂರನೇ ಡೌನ್, ಬೇಕಿದ್ದದ್ದು 6 ಗಜ. ಇಂಥ ಕಡೆ ಯಾವ ತಂಡವಾದರೂ ಪಾಸ್ ಎಸೆಯುತ್ತದೆ. ಮಿಷಿಗನ್ ಚೆಂಡನ್ನು ಕೇಲಲ್ ಮಲಿಂಗ್ಸ್ ಕೈಗೆ ಕೊಟ್ಟಿತು. ಹಿಂದೆ ಡಿಫೆನ್ಸ್‌ನಲ್ಲಿ ಲೈನ್‌ಬ್ಯಾಕರ್ ಆಗಿ ಆಡಿದ್ದ ದಪ್ಪ ಮೈಕಟ್ಟಿನ ಹುಡುಗ. ಗುದ್ದಿಕೊಂಡು ದಾಟಿ 27 ಗಜ ಓಡಿದ. ಆಮೇಲೆ 45 ಸೆಕೆಂಡ್ ಉಳಿದಿರುವಾಗ ಡಾಮಿನಿಕ್ ಜ್ವಾಡಾ 21 ಗಜದ ಫೀಲ್ಡ್ ಗೋಲ್ ಹೊಡೆದ. 13-10. ಪಾಸ್ ಬರುತ್ತದೆ ಅಂತ ಕಾದಿದ್ದ ಡಿಫೆನ್ಸ್ ಎದುರು ಓಡಿದ್ದು ಕುರುಡು ಧೈರ್ಯ ಅಲ್ಲ. ಓಟ ವಿಫಲವಾದರೂ ಗಡಿಯಾರ ಓಡುತ್ತಿತ್ತು. ಪಾಸ್ ಎಸೆದು ಎದುರಾಳಿ ಕೈಗೆ ಸಿಕ್ಕಿದರೆ ಎಲ್ಲ ಮುಗಿದ ಹಾಗೆ. ಅಂಥ ಲೆಕ್ಕ ಮೊದಲೇ ಹಾಕಿಟ್ಟಿರುತ್ತಾರೆ.

ಇದೇ ಓಹಿಯೋ ಸ್ಟೇಟ್ ಆಮೇಲೆ ಪ್ಲೇಆಫ್‌ನಲ್ಲಿ ಮೊದಲಿನಿಂದಲೇ ಸ್ಮಿತ್‌ಗೆ ಎಸೆಯಲು ಶುರು ಮಾಡಿ 2025ರ ಜನವರಿಯಲ್ಲಿ ರಾಷ್ಟ್ರೀಯ ಚಾಂಪಿಯನ್ ಆಯಿತು. 2025ರ ನವೆಂಬರ್‌ನಲ್ಲಿ ಆನ್ ಆರ್ಬರ್‌ಗೆ ಬಂದು 27-9ರಿಂದ ಮಿಷಿಗನ್ ಅನ್ನೂ ಸೋಲಿಸಿತು. ಹಾಗಾಗಿ ಈಗ ಹೊಸ ದಾರಿ ಹುಡುಕುವ ಸರದಿ ನಮ್ಮದು.

ಮುಂದಿನ ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು, ಮೊದಲ ಎರಡು ಡ್ರೈವ್‌ಗಳಲ್ಲಿ ಸೇಫ್ಟಿಗಳು ಎಲ್ಲಿ ನಿಂತಿದ್ದಾರೆ ನೋಡಿ. ಇಬ್ಬರೂ ಹಿಂದಿದ್ದರೆ ಆ ತಂಡ ದೊಡ್ಡ ಪಾಸ್‌ಗೆ ಹೆದರಿದೆ, ಓಟ ಬಿಟ್ಟುಕೊಡಲು ತಯಾರಿದೆ. ಒಬ್ಬ ಮುಂದೆ ಬಂದಿದ್ದರೆ ಓಟಕ್ಕೆ ಹೆದರಿದೆ. ಹಾಗೇ ಚೆಂಡು ಸ್ನ್ಯಾಪ್ ಆಗುವಾಗ ಆ 40 ಸೆಕೆಂಡ್ ತೋರಿಸುವ ಪ್ಲೇ ಕ್ಲಾಕ್‌ನಲ್ಲಿ ಎಷ್ಟು ಸೆಕೆಂಡ್ ಉಳಿದಿದೆ ನೋಡಿ. ಯಾವ ತಂಡ ಪ್ರತಿ ಸಲ ಎರಡು ಮೂರು ಸೆಕೆಂಡ್ ಉಳಿಯುವವರೆಗೆ ಕಾಯುತ್ತಿದೆಯೋ, ಪಂದ್ಯವನ್ನು ಚಿಕ್ಕದು ಮಾಡಲು ಹೊರಟಿರುವುದು ಅದೇ ತಂಡ.