ಒಬ್ಬಳೇ ಒಪ್ಪಿಕೊಳ್ಳಬೇಡ, ತಂಗಿ

ತಂಗಿ, ನಿನ್ನ ಮೆಸೇಜ್ ಓದಿದೆ. ನೀನು ಇಂಗ್ಲೆಂಡಿಗೆ ಬಂದು 8 ತಿಂಗಳಾಗಿದೆ. ಹಳ್ಳಿಯ ಡಿಫಿಬ್ರಿಲೇಟರ್, ಅಂದರೆ ಹೃದಯ ನಿಂತವರಿಗೆ ಶಾಕ್ ಕೊಡುವ ಮೆಷಿನ್, ನೋಡಿಕೊಳ್ಳುತ್ತೀರಾ ಅಂತ ಪ್ಯಾರಿಷ್ ಕೌನ್ಸಿಲ್‌ನವರು (ನಮ್ಮ ಗ್ರಾಮ ಪಂಚಾಯಿತಿ ಇದ್ದಹಾಗೆ) ಕೇಳಿದ್ದಾರೆ. ಒಪ್ಪಿಕೊಳ್ಳಲಾ, ವೀಸಾಗೆ ತೊಂದರೆ ಆಗುತ್ತಾ, ಮೆಷಿನ್ ಮುಟ್ಟೋಕೆ ಭಯ, ಜೊತೆಗೆ ರಾಗಿಹಿಟ್ಟು ಎಲ್ಲಿ ಸಿಗುತ್ತದೆ. ಇಷ್ಟು ನಿನ್ನ ಪ್ರಶ್ನೆ.

ರಾಗಿಹಿಟ್ಟು ಲೆಸ್ಟರ್‌ನಲ್ಲಿ ಸಿಗುತ್ತದೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸಂಬಳವಿಲ್ಲದ ಸೇವೆಗೆ ಅಡ್ಡಿ ಇಲ್ಲ. ಖಂಡಿತ ಒಪ್ಪಿಕೋ.

ನಾನು ಈ ಹಳ್ಳಿಗೆ ಬಂದಿದ್ದು 2004ರ ನವೆಂಬರ್‌ನಲ್ಲಿ. ಸಂಜೆ ನಾಲ್ಕೂವರೆಗೇ ಕತ್ತಲು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಮೂಲೆಯ ಕೆಂಪು ಫೋನ್ ಡಬ್ಬಿಯೊಳಗೆ ನಿಂತು, ಕಾಲಿಂಗ್ ಕಾರ್ಡಿನ ನಂಬರ್ ಒತ್ತಿ, ತಿಪಟೂರಿನಲ್ಲಿದ್ದ ಅವ್ವನ ಜೊತೆ ಮಾತಾಡಿದೆ. ಅಲ್ಲಿ ರಾತ್ರಿ ಹತ್ತು. "ಊಟ ಆಯ್ತೇನೋ" ಅಂತ ಅವ್ವ ಕೇಳುವಾಗ ಗಾಜಿನ ತುಂಬ ನನ್ನ ಉಸಿರಿನ ಹಬೆ. ಆಮೇಲೆ ಮೊಬೈಲ್ ಬಂತು, ಆ ಡಬ್ಬಿ ಯಾರಿಗೂ ಬೇಡವಾಯಿತು. ಬಿಟಿ ಅನ್ನುವ ಫೋನ್ ಕಂಪನಿ ಇಂಥ ಡಬ್ಬಿಗಳನ್ನು 1 ಪೌಂಡಿಗೆ ಊರಿನವರಿಗೆ ಬಿಟ್ಟುಕೊಡುತ್ತದೆ. ನಮ್ಮವರು ತೆಗೆದುಕೊಂಡು ಅದರಲ್ಲಿ ಡಿಫಿಬ್ರಿಲೇಟರ್ ಇಟ್ಟರು. ನೋಡಿಕೊಳ್ಳೋಕೆ ಯಾರಾದರೂ ಬೇಕು ಅಂದಾಗ ಮೊದಲು ಕೈ ಎತ್ತಿದವನು ನಾನೇ.

ಕೆಲಸ ಕಷ್ಟದ್ದಲ್ಲ. ವಾರಕ್ಕೊಮ್ಮೆ ಹೋಗಿ ಮೆಷಿನ್ ಮೇಲೆ ಹಸಿರು ದೀಪ ಇದೆಯಾ ನೋಡು. ಎದೆಗೆ ಅಂಟಿಸುವ ಪ್ಯಾಡ್‌ಗಳ ಪೊಟ್ಟಣದ ಮೇಲೆ ಎಕ್ಸ್‌ಪೈರಿ ತಾರೀಖು ಇರುತ್ತದೆ. ಜೆಲ್ ಒಣಗಿದರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೇ ತಾರೀಖು. ಜೊತೆಗಿರುವ ಚೀಲದಲ್ಲಿ ಬಟ್ಟೆ ಕತ್ತರಿಸೋಕೆ ಕತ್ತರಿ, ಎದೆಗೂದಲು ತೆಗೆಯೋಕೆ ರೇಜರ್, ಗ್ಲೌಸ್ ಇರಬೇಕು. ಚಳಿಗಾಲದಲ್ಲಿ ಮೆಷಿನ್ ಇಟ್ಟಿರುವ ಪೆಟ್ಟಿಗೆಯ ಹೀಟರ್ ಬೆಚ್ಚಗಿದೆಯಾ ಅಂತ ಕೈ ಇಟ್ಟು ನೋಡು. ನೋಡಿದ್ದನ್ನೆಲ್ಲ 'ದಿ ಸರ್ಕಿಟ್' ಎಂಬ, ದೇಶದ ಡಿಫಿಬ್ರಿಲೇಟರ್‌ಗಳ ಆನ್‌ಲೈನ್ ಪಟ್ಟಿಯಲ್ಲಿ ದಾಖಲಿಸು. ಇಲ್ಲಿನ ತುರ್ತು ನಂಬರ್ 999ಕ್ಕೆ ಕರೆ ಬಂದಾಗ ಹತ್ತಿರದ ಮೆಷಿನ್ ಎಲ್ಲಿದೆ ಅಂತ ಆಂಬುಲೆನ್ಸ್‌ನವರು ನೋಡುವುದು ಅದರಲ್ಲೇ. ಪೆಟ್ಟಿಗೆಗೆ ಬೀಗ ಇದ್ದರೆ ಕೋಡ್ ಹೇಳುವವರೂ ಅವರೇ.

ಭಯ ಬೇಡ. ಮೆಷಿನ್ ತಾನೇ ಮಾತಾಡಿ ಏನು ಮಾಡಬೇಕು ಹೇಳುತ್ತದೆ. ಬಡಿತ ನೋಡಿ, ಬೇಕಿದ್ದರೆ ಮಾತ್ರ ಶಾಕ್ ಕೊಡುತ್ತದೆ. ಹೃದಯ ನಿಂತವರಿಗೆ ಒಂದೊಂದು ನಿಮಿಷ ತಡವಾದರೂ ಬದುಕುವ ಸಾಧ್ಯತೆ ಸುಮಾರು ಶೇ. 10ರಷ್ಟು ಇಳಿಯುತ್ತದೆ. ಹಳ್ಳಿಗೆ ಆಂಬುಲೆನ್ಸ್ ಬರುವಷ್ಟರಲ್ಲಿ ಎಷ್ಟು ನಿಮಿಷ ಹೋಗಿರುತ್ತೆ, ನೀನೇ ಯೋಚಿಸು.

ಈಗ ನಾನು ಹೇಳಲೇಬೇಕಾದ ಮಾತು. 2023ರ ಜನವರಿ ಕೊನೆಗೆ ಅಕ್ಕನ ಮಗಳ ಮದುವೆಗೆ ಐದು ವಾರ ಊರಿಗೆ ಹೋದೆ. ಇಲ್ಲಿ ಯಾರಿಗೂ ಹೇಳಲಿಲ್ಲ. ಇಲ್ಲಿನ ಜನ ತಮ್ಮ ಪಾಡಿಗೆ ತಾವಿರುತ್ತಾರೆ, ಸುಮ್ನೆ ನನ್ನ ಕೆಲಸ ಅವರ ತಲೆಗೆ ಯಾಕೆ ಕಟ್ಟೋದು ಅಂದುಕೊಂಡೆ. ಪ್ಯಾಡ್‌ಗಳ ತಾರೀಖು ಮುಗಿಯುತ್ತಿದೆ ಅಂತ ಸರ್ಕಿಟ್‌ನಿಂದ ಮೇಲ್ ಬಂದಿತ್ತು. ಚಪ್ಪರ, ಬೀಗರು, ಧಾರೆ ಅಂತ ಓಡಾಡುತ್ತಿದ್ದವನು ತೆರೆದೇ ನೋಡಲಿಲ್ಲ. ವಾಪಸ್ ಬಂದರೆ ಡಬ್ಬಿಯ ಕರೆಂಟ್ ಟ್ರಿಪ್ ಆಗಿತ್ತು. ಪೆಟ್ಟಿಗೆ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಹಸಿರು ದೀಪ ಇಲ್ಲ. ಮೆಷಿನ್ ಬೀಪ್ ಬೀಪ್ ಅನ್ನುತ್ತಿತ್ತು. ಎದುರು ಮನೆಯ ಅಜ್ಜಿ ಕೋಟು ಹೊದ್ದು ಹೊರಗೆ ಬಂದರು. 11 ದಿನದಿಂದ ಈ ಶಬ್ದ ಕೇಳಿಸುತ್ತಿದೆ, ಯಾರಿಗೆ ಹೇಳಬೇಕೋ ಗೊತ್ತಾಗಲಿಲ್ಲ ಅಂದರು. ಅವರ ಯಜಮಾನರಿಗೆ ಆಗಲೇ ಎರಡು ಸಲ ಹಾರ್ಟ್ ಅಟ್ಯಾಕ್ ಆಗಿತ್ತು. ಆ ದಿನಗಳಲ್ಲಿ ಯಾರಿಗೂ ಮೆಷಿನ್ ಬೇಕಾಗಲಿಲ್ಲ, ನಿಜ. ಆದರೂ ಅಜ್ಜಿಯ ಮುಖ ನೋಡೋಕೆ ನನ್ನಿಂದ ಆಗಲಿಲ್ಲ.

ನಮ್ಮ ತಾತ ಊರಿನ ಕೆರೆಗೆ ನೀರುಗಂಟಿ. ನೆಂಟರ ಮನೆಗೆ ಒಂದು ರಾತ್ರಿ ಹೋಗಬೇಕಾದರೂ ತೂಬಿನ ಕೆಲಸ ಒಬ್ಬರಿಗೆ ಒಪ್ಪಿಸಿಯೇ ಹೊರಡುತ್ತಿದ್ದರು. ಅವರ ಮೊಮ್ಮಗ ನಾನು, ಒಂದು ಮಾತು ಹೇಳದೆ ಅಷ್ಟು ದೂರ ಹೋಗಿದ್ದೆ.

ಅದಕ್ಕೇ ಹೇಳುತ್ತಿದ್ದೇನೆ, ಹೂಂ ಅನ್ನುವ ಮೊದಲೇ ಇನ್ನೊಬ್ಬರನ್ನು ಜೊತೆಗೆ ಹಾಕಿಕೋ. ಪಟ್ಟಿಯಲ್ಲಿ ಅವರ ಹೆಸರೂ ಸೇರಿಸು. ಹೊಸಬಳು, ಹೇಗೆ ಕೇಳೋದು ಅಂತ ಸಂಕೋಚ ಅಲ್ವಾ? ನನಗೆ 18 ವರ್ಷ ಆದಮೇಲೂ ಅದು ಹೋಗಿರಲಿಲ್ಲ. ಕೊನೆಗೆ ಎದುರು ಮನೆಯ ಅಜ್ಜಿಯನ್ನೇ ಕೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಒಪ್ಪಿಕೊಂಡರು. ಕನ್ನಡಕ ಹಾಕಿಕೊಂಡು, ಹೊಸ ಪ್ಯಾಡಿನ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಕೆಂಪು ಪೆನ್ನಿನಲ್ಲಿ ಬರೆದಿಟ್ಟರು. ಬರುವ ತಿಂಗಳು ನಾನು ತಿಪಟೂರಿಗೆ ಹೊರಟಿದ್ದೇನೆ. ಈ ಭಾನುವಾರ ನಾವಿಬ್ಬರೂ ಹೋಗಿ ದೀಪ ನೋಡಿ ಬರುತ್ತೇವೆ.